ಬೆಳಗಿನ ವೇಗವನ್ನು ನಂಬಬೇಡಿ

1. ಉದ್ದದ ಕಯಾಕ್ ಓಟಕ್ಕೆ ಒಳ್ಳೆಯದು ಎನ್ನುವ ಮಾತಿಗೆ ಒಂದು ಲೆಕ್ಕವಿದೆ. ನೀರು ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ದೋಣಿಯ ವೇಗದ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 16 ಅಡಿಯ ದೋಣಿಗೆ ಅದು ಗಂಟೆಗೆ ಸುಮಾರು 10 ಕಿ.ಮೀ., 9 ಅಡಿಯದಕ್ಕೆ ಏಳೂವರೆ. ಅದರಾಚೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಹಾಗಂತ ಈ ಲೆಕ್ಕ ಕಡೆಯ ಮಾತಲ್ಲ. ಒಲಿಂಪಿಕ್ಸ್‌ನ ಕೆ-1, ಅಂದರೆ ಒಬ್ಬರ ಓಟದ ಕಯಾಕ್, 5.2 ಮೀಟರ್ ಮೀರುವಂತಿಲ್ಲ. ಆದರೂ ಗೆಲ್ಲುವವರು 1000 ಮೀಟರನ್ನು ಮೂರೂವರೆ ನಿಮಿಷದೊಳಗೆ ಮುಗಿಸುತ್ತಾರೆ, ಅಂದರೆ ಗಂಟೆಗೆ 17 ಕಿ.ಮೀ.ಗೂ ಹೆಚ್ಚು. ದೋಣಿ ಅಷ್ಟು ಸಪೂರ, ತೋಳು ಅಷ್ಟು ಗಟ್ಟಿ.

2. ನಾವು ನೀವು ಹೋಗುವುದು ಗಂಟೆಗೆ ಐದಾರು ಕಿ.ಮೀ. ಆ ವೇಗದಲ್ಲಿ ತಡೆಯುವುದು ಹೆಚ್ಚಾಗಿ ತಳಕ್ಕೆ ಉಜ್ಜುವ ನೀರು. ಉದ್ದ ಹೆಚ್ಚಿದಷ್ಟೂ ಉಜ್ಜುವ ಮೈಯೂ ಹೆಚ್ಚು. ನಿಧಾನಿಗಳು ಉದ್ದಕ್ಕೆ ದುಡ್ಡು ಸುರಿಯುವುದು ದಂಡ.

3. ಕೋಡಿ ಬೆಂಗ್ರೆಯ ಒಳನೀರಿನಲ್ಲಿ ಮರಳು ದಿಬ್ಬದ ಮೇಲೆ ಬಂದರೆ ದೋಣಿ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಹಿಂಭಾಗ ಕೂರುತ್ತದೆ, ಬೆನ್ನ ಹಿಂದಿನ ಅಲೆ ಎತ್ತರವಾಗುತ್ತದೆ. ಹೊಸಬರು ತೋಳು ಸೋತಿತು ಅಂದುಕೊಳ್ಳುತ್ತಾರೆ. ಕಾರಣ ತೋಳಲ್ಲ, ಆಳ: ಅರ್ಧ ಮೀಟರ್ ನೀರಿನಲ್ಲಿ ಅಲೆ ಗಂಟೆಗೆ 8 ಕಿ.ಮೀ.ಗಿಂತ ವೇಗವಾಗಿ ಓಡಲಾರದು. ಆ ವೇಗದ ಹತ್ತಿರ ಹೋದಂತೆಲ್ಲ ತಡೆ ಏರುತ್ತದೆ. ಆಳದ ಕಡೆ ತಿರುಗಿಸಿ, ಅಷ್ಟೇ.

4. ಎಲ್ಲಕ್ಕಿಂತ ದೊಡ್ಡದು ಗಾಳಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಕಡಲು ಸಮಾಧಾನ. ಬಿಸಿಲೇರಿದಂತೆ ಪಡುವಣ ಗಾಳಿ ಎದ್ದು ಮಧ್ಯಾಹ್ನಕ್ಕೆ ಬಲಿಯುತ್ತದೆ. ಸೇಂಟ್ ಮೇರಿಸ್ ದ್ವೀಪದಿಂದ ಮಲ್ಪೆಗೆ ಮರಳುವಾಗ ವಾಯವ್ಯದ ಗಾಳಿ ಎಡಗಡೆ ಹಿಂದಿನಿಂದ ಬೀಸುತ್ತದೆ. ಗಾಳಿ ಬೆನ್ನಿಗಿದೆ, ಬೇಗ ಮುಟ್ಟಬಹುದು ಅನ್ನಿಸುತ್ತದೆ. ಆದರೆ ಮುಂದೆ ಸಾಗುವ ದೋಣಿಯ ಮೂತಿಯನ್ನು ನೀರು ಒತ್ತಿ ಹಿಡಿದಿರುತ್ತದೆ, ಹಿಂಭಾಗ ಸಡಿಲ. ಗಾಳಿ ಆ ಹಿಂಭಾಗವನ್ನು ತಳ್ಳಿ ಮೂತಿಯನ್ನು ಬಡಗು ದಿಕ್ಕಿಗೆ ತಿರುಗಿಸುತ್ತದೆ. ಅದನ್ನು ಸರಿಪಡಿಸಲು ಎಡಬದಿಯಲ್ಲೇ ಮತ್ತೆ ಮತ್ತೆ ಅಗಲವಾಗಿ ಹುಟ್ಟು ಎಳೆದು ಎಡಭುಜ ಸೋಲುತ್ತದೆ. ಹಿಂಬದಿಯ ತಳದಿಂದ ಇಳಿಸುವ ಸಣ್ಣ ರೆಕ್ಕೆ, ಸ್ಕೆಗ್, ಇದ್ದರೆ ಅರ್ಧ ಇಳಿಸಿ ನೋಡಿ. ಅದರಿಂದ ತಡೆ ತುಸು ಹೆಚ್ಚುತ್ತದೆ ನಿಜ. ಉಳಿಯುವ ಶ್ರಮ ಅದರ ಎಷ್ಟೋ ಪಾಲು. ದೋಣಿ ಕೊಳ್ಳುವವರು ಬೆಳಗಿನ ಕನ್ನಡಿಯಂಥ ನೀರಿನಲ್ಲಿ ಓಡಿಸಿ ನೋಡಿ ದುಡ್ಡು ಎಣಿಸುತ್ತಾರೆ. ನಾನಾದರೆ ಮಧ್ಯಾಹ್ನ ಎರಡರ ಗಾಳಿಗೆ ಇಳಿಸದೆ ಬೆಲೆ ಮಾತಾಡುವುದಿಲ್ಲ.

5. ದೂರದಿಂದ ಬರುವ ಹನ್ನೆರಡು ಸೆಕೆಂಡಿನ ದೊಡ್ಡ ತೆರೆ ಎತ್ತಿ ಇಳಿಸುತ್ತದೆಯೇ ಹೊರತು ವೇಗ ಕದಿಯುವುದಿಲ್ಲ. ಕದಿಯುವುದು ಗಾಳಿ ಎಬ್ಬಿಸುವ ಒತ್ತೊತ್ತಾದ ಕಿರು ಅಲೆ. ಬಾಡಿಗೆಯ ಅಗಲ ದೋಣಿ ಅದಕ್ಕೆ ಪಟಪಟನೆ ಬಡಿದು ನಿಲ್ಲುತ್ತದೆ. ಅದೇ ಅಲೆ ಹಿಂದಿನಿಂದ ಬಂದರೆ ಬಿಟ್ಟಿ ಸವಾರಿ: ಹಿಂಭಾಗ ಮೇಲೇಳುವ ಗಳಿಗೆಯಲ್ಲಿ ಎರಡು ಮೂರು ಬಿರುಸಿನ ಎಳೆತ, ಆಮೇಲೆ ಕೈಗೆ ವಿರಾಮ.

6. ಅಳಿವೆಯಲ್ಲಿ ಇಳಿತದ ನೀರು ಹೊರಗೆ, ಗಾಳಿ ಒಳಗೆ ಎಂದಾಗ ಅಲೆಗಳು ಕಡಿದಾಗಿ ನಿಲ್ಲುತ್ತವೆ. ಅಲ್ಲಿ ಯಾವ ತಳದ ವಿನ್ಯಾಸವೂ ಲೆಕ್ಕಕ್ಕಿಲ್ಲ. ಇಳಿತ ಮುಗಿದು ಉಬ್ಬರ ಶುರುವಾಗುವ ತನಕ ಹೊರಗೇ ಕಾಯಬೇಕು. ಕುಡಿಯುವ ನೀರನ್ನು ಆ ಹೊತ್ತಿಗೂ ಸೇರಿಸಿ ಒಯ್ಯಿರಿ.