ಧೂಪದಾಳದ ಹಕ್ಕಿಗಳು ಕಲಿಸುವ ಪಾಠ

ಯಮಕನಮರಡಿಯ ಈಶಾನ್ಯಕ್ಕೆ, ಗೋಕಾಕ ತಾಲೂಕಿನ ಧೂಪದಾಳದಲ್ಲಿ, 1897ರಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಲಾಯಿತು. ಹೊಲಗಳಿಗೆ ನೀರು ಹಾಯಿಸುವುದೇ ಅದರ ಉದ್ದೇಶವಾಗಿದ್ದಿತು. ಆದರೆ ಒಡ್ಡಿನ ಹಿಂದೆ ಹರಡಿ ನಿಂತ ಆಳವಿಲ್ಲದ ನೀರೂ ನಡುಗಡ್ಡೆಗಳೂ ಹಕ್ಕಿಗಳಿಗೆ ಆಶ್ರಯವಾದವು. 1974ರಲ್ಲಿ ಸರಕಾರವು ಇದನ್ನು ಪಕ್ಷಿಧಾಮವೆಂದು ಸಾರಿತು.

ಇಲ್ಲಿ ಬೆಳ್ಳಕ್ಕಿಯು ನೀಳವಾದ ಕಾಲೂರಿ ದಡದ ನೀರಿನಲ್ಲಿ ಮೀನಿಗಾಗಿ ಕಾಯುವುದು. ನೀರುಕಾಗೆಯು ಮುಳುಗಿ ಅದನ್ನು ಬೆನ್ನಟ್ಟುವುದು. ಮಿಂಚುಳ್ಳಿಯು ಮೇಲಿಂದ ಎರಗುವುದು. ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಬರುವ ಬೂದುಬಣ್ಣದ ಡೆಮೊಸೆಲ್ ಕ್ರೇನ್‌ಗಳು ಹಗಲು ಹೊಲದ ಕಾಳುಗಳನ್ನು ಆಯ್ದು, ಇರುಳು ನೀರಿನ ಆಸರೆಯಲ್ಲಿ ತಂಗುವುವು. ಒಂದೇ ನೆಲೆಯಲ್ಲಿ ಜೀವನೋಪಾಯಗಳು ಹಲವು.

ಈ ಭೇದಗಳು ಹೇಗೆ ಉಂಟಾದವು? ನೀರುಹಕ್ಕಿಯು ಮೈ ನೆನೆಯದಂತೆ ಕಾಲು ಚಾಚಿ ಚಾಚಿ, ತಲೆಮಾರುಗಳಲ್ಲಿ ಅದು ನೀಳವಾಯಿತೆಂದು ಫ್ರಾನ್ಸಿನ ಲಾಮಾರ್ಕನು 1809ರಲ್ಲಿ ಬರೆದನು. ಈ ವಿವರಣೆ ನಿಲ್ಲಲಿಲ್ಲ. 1858ರಲ್ಲಿ ಡಾರ್ವಿನ್ ಮತ್ತು ವಾಲೇಸರ ಬರಹಗಳು ಲಂಡನ್ನಿನಲ್ಲಿ ಒಟ್ಟಿಗೆ ಓದಲ್ಪಟ್ಟವು. ಮರುವರ್ಷ ಡಾರ್ವಿನನ ಗ್ರಂಥವು ಹೊರಬಂದಿತು.

ಅವರ ವಿಚಾರವನ್ನು ನಮ್ಮ ಪಾಲಕರು ಸುಲಭವಾಗಿ ಗ್ರಹಿಸಬಲ್ಲರು. ಜೋಳದ ರಾಶಿಯಲ್ಲಿ ತೆನೆಗಳೆಲ್ಲ ಒಂದೇ ಸಮನಾಗಿರುವುದಿಲ್ಲ. ಒಕ್ಕಲಗಿತ್ತಿಯು ಒಳ್ಳೆಯ ತೆನೆಗಳನ್ನೇ ಬೀಜಕ್ಕೆ ತೆಗೆದಿಡುವಳು. ಅವುಗಳ ಗುಣವು ಮುಂದಿನ ಪೈರಿಗೆ ಬರುವುದು. ಹಾಗೆಯೇ ಒಂದೇ ಜಾತಿಯ ಹಕ್ಕಿಗಳಲ್ಲಿಯೂ ಹುಟ್ಟಿನಿಂದಲೇ ಸಣ್ಣ ಭೇದಗಳಿರುವುವು. ಅಲ್ಲಿನ ಬಾಳಿಗೆ ಒಗ್ಗುವ ಭೇದವುಳ್ಳವು ಹೆಚ್ಚು ಮರಿಗಳನ್ನು ಉಳಿಸುವುವು. ಇಲ್ಲಿ ಆರಿಸುವ ಕೈಯಿಲ್ಲ. ನೀರು, ಆಹಾರ, ಚಳಿ, ವೈರಿಗಳೇ ಆರಿಸುವುವು. ಇದಕ್ಕೆ ನೈಸರ್ಗಿಕ ಆಯ್ಕೆಯೆಂದು ಹೆಸರು. ಅಸಂಖ್ಯ ತಲೆಮಾರುಗಳಲ್ಲಿ ಸಣ್ಣ ಭೇದಗಳು ಕೂಡಿ ದೊಡ್ಡವಾಗುವುವು. ಧೂಪದಾಳದ ಒಡ್ಡು ಈ ಹಕ್ಕಿಗಳನ್ನು ರೂಪಿಸಲಿಲ್ಲ. ಬಹು ಪೂರ್ವದಲ್ಲಿಯೇ ರೂಪುಗೊಂಡವುಗಳಿಗೆ ಎಡೆ ಕೊಟ್ಟಿತು, ಅಷ್ಟೇ.

ಆದುದರಿಂದ ಭೇದವೇ ಜೀವರಾಶಿಯ ಮೂಲಧನವೆಂದು ನಾವು ಅರಿಯಬೇಕು. ಬೀಜದ ತೆನೆಯನ್ನೂ ಉಂಡು ಮುಗಿಸಿದ ಮನೆಗೆ ಮುಂದಿನ ಬಿತ್ತನೆಯಿಲ್ಲ. ಹೊಲದ ವಿಷವು ಹರಿದು ನೀರು ಕೆಟ್ಟರೆ ಮೊದಲು ಹುಳ, ಮೀನು, ಕಪ್ಪೆಗಳು ಅಳಿಯುವುವು. ಬಳಿಕ ಅವುಗಳನ್ನು ನಂಬಿದ ಹಕ್ಕಿಗಳು. ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಒಂದು ಜಾತಿಯು ಒಮ್ಮೆ ಅಳಿದರೆ ತಿರುಗಿ ಹುಟ್ಟದು.

ಪ್ರಿಯ ಸೋದರಿಯರೇ, ನಿಮ್ಮ ಮಕ್ಕಳನ್ನು ಚಳಿಗಾಲದಲ್ಲಿ ಧೂಪದಾಳಕ್ಕೆ ಕರೆದೊಯ್ಯಿರಿ. ಹಕ್ಕಿಯ ಹೆಸರನ್ನು ಮಾತ್ರ ಕೇಳಿ ಸುಮ್ಮನಾಗದೆ, ಅದು ಏನನ್ನು ತಿನ್ನುವುದು, ಎಲ್ಲಿ ತಂಗುವುದು ಎಂಬುದನ್ನು ಅವರೇ ನೋಡಿ ಹೇಳಲಿ. ಕಾಪಾಡುವ ಬುದ್ಧಿಯು ಇಂತಹ ನೋಟದಿಂದಲೇ ಮೊಳೆಯುವುದು.