‘ಹಿಂದೆ’ ತಿಳಿದರೆ ‘ಬಿಹೈಂಡ್’ ಸಲೀಸು: ಏಳು ಸೂತ್ರಗಳು

ಕನ್ನಡದ ‘ಹಿಂದೆ’ ಪದ ಒಂದೇ, ಮಾಡುವ ಕೆಲಸ ಹಲವು. ಇಂಗ್ಲಿಷ್ ಆ ಕೆಲಸಗಳನ್ನು ಬಿಹೈಂಡ್, ಬ್ಯಾಕ್, ಆಫ್ಟರ್, ಅಗೊ ಎಂದು ಹಂಚಿಕೊಟ್ಟಿದೆ. ಬಾಯಿ ತೆರೆಯುವ ಮೊದಲು ‘ಇದು ಯಾವ ಹಿಂದೆ?’ ಎಂದು ಕನ್ನಡದಲ್ಲೇ ಕೇಳಿಕೊಳ್ಳಿ. ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

1. ಜಾಗ ಬದಲಿಸಿ. ನಮ್ಮ ‘ಹಿಂದೆ’ ನಾಮಪದದ ನಂತರ ಬರುತ್ತದೆ, ‘ಬಿಹೈಂಡ್’ ಮೊದಲೇ ಬರುತ್ತದೆ. ಮನೆಯ ಹಿಂದೆ: ‘ಬಿಹೈಂಡ್ ದ ಹೌಸ್’.

2. ‘ಆಫ್’ ಸೇರಿಸಬೇಡಿ. ‘ಮನೆಯ’ ಎಂಬಲ್ಲಿರುವ ಷಷ್ಠಿ ವಿಭಕ್ತಿಯೇ ನಮ್ಮಿಂದ ‘ಬಿಹೈಂಡ್ ಆಫ್’ ಎನ್ನಿಸುತ್ತದೆ. ‘ನನ್ನ ಹಿಂದೆ’ ಕೂಡ ‘ಬಿಹೈಂಡ್ ಮಿ’, ‘ಬಿಹೈಂಡ್ ಮೈ’ ಅಲ್ಲ.

3. ಒಳಗೋ ಹೊರಗೋ ನೋಡಿ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರು ‘ಅಟ್ ದ ಬ್ಯಾಕ್ ಆಫ್ ದ ಬಸ್’ ಇದ್ದಾರೆ. ‘ಬಿಹೈಂಡ್ ದ ಬಸ್’ ಎಂದರೆ ಬಸ್ಸಿನ ಹೊರಗೆ, ರಸ್ತೆಯ ಮೇಲೆ, ಹೊಗೆ ಕುಡಿಯುತ್ತಾ ಬರುವ ಬೈಕಿನವರು.

4. ‘ಬ್ಯಾಕ್‌ಸೈಡ್’ ಬಿಡಿ. ‘ಆಫೀಸಿನ ಬ್ಯಾಕ್‌ಸೈಡ್’ ನಮ್ಮಲ್ಲಿ ನಡೆಯುತ್ತದೆ. ಬ್ರಿಟನ್, ಅಮೆರಿಕದವರಿಗೆ ಅದು ದೇಹದ ಕೂರುವ ಭಾಗ. ನಾಮಪದವಾಗಿ ಬಳಸಿದರೆ ‘ಬಿಹೈಂಡ್’ಗೂ ಅದೇ ಅರ್ಥ. ಸಂದರ್ಶನದಲ್ಲಿ, ವಿದೇಶಿ ಗ್ರಾಹಕರ ಜೊತೆಗಿನ ಫೋನಿನಲ್ಲಿ ‘ಬಿಹೈಂಡ್ ದ ಆಫೀಸ್’ ಎಂದೇ ಹೇಳಿ.

5. ಗಡಿಯಾರ ಬೇರೆ, ಕ್ಯಾಲೆಂಡರ್ ಬೇರೆ. ‘ಹತ್ತು ವರ್ಷದ ಹಿಂದೆ’ಗೆ ‘ಟೆನ್ ಇಯರ್ಸ್ ಅಗೊ’ ಬೇಕು. ‘ಬಿಹೈಂಡ್’ ಹೇಳುವುದು ತಡವನ್ನು: ಕೆಲಸ ಹಿಂದುಳಿದರೆ ‘ಬಿಹೈಂಡ್ ಶೆಡ್ಯೂಲ್’. ‘ಬಿಹೈಂಡ್ ದ ಟೈಮ್ಸ್’ ಎಂದರೆ ಇನ್ನೂ ಹಳೆಯ ಕಾಲದಲ್ಲೇ ಇರುವುದು.

6. ಹಿಂದೆ ಬಿದ್ದದ್ದು ಹೇಗೆ? ಓದಿನಲ್ಲಿ ಹಿಂದೆ ಬಿದ್ದವನು ‘ಫೆಲ್ ಬಿಹೈಂಡ್’. ದುಡ್ಡಿನ ಹಿಂದೆ ಬಿದ್ದವನು ‘ರ‍್ಯಾನ್ ಆಫ್ಟರ್ ಮನಿ’. ಒಬ್ಬರ ಹಿಂದೆ ಒಬ್ಬರು ಬಂದರೂ ‘ಒನ್ ಆಫ್ಟರ್ ಅನದರ್’. ಬೆನ್ನಟ್ಟುವುದಕ್ಕೂ ಸರದಿಗೂ ‘ಆಫ್ಟರ್’.

7. ನುಡಿಗಟ್ಟನ್ನು ಜೋಡಿ ಮಾಡಿ ಕಲಿಯಿರಿ. ‘ಬಿಹೈಂಡ್ ದ ಸೀನ್ಸ್’ ನಮ್ಮ ತೆರೆಮರೆ. ‘ಬಿಹೈಂಡ್ ಬಾರ್ಸ್’ ಕಂಬಿಯ ಹಿಂದೆ. ‘ಬಿಹೈಂಡ್ ಹರ್ ಬ್ಯಾಕ್’ ಅವಳ ಬೆನ್ನ ಹಿಂದೆ ನಡೆದದ್ದು. ‘ಐ ಆಮ್ ಬಿಹೈಂಡ್ ಯು’ ಎಂದರೆ ನಿನ್ನ ಬೆನ್ನಿಗಿದ್ದೇನೆ.

ಇಂದು ಮಲಗುವ ಮುನ್ನ ‘ಹಿಂದೆ’ ಇರುವ ಐದು ವಾಕ್ಯಗಳನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ. ಪ್ರತಿಯೊಂದರ ಎದುರು ಜಾಗ, ತಡ, ಸರದಿ, ಬೆಂಬಲ ಎಂದು ಗುರುತು ಹಾಕಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಕನ್ನಡ ಬಲ್ಲವರಿಗೆ ಇಂಗ್ಲಿಷ್ ಕಲಿಯಲು ಕನ್ನಡವೇ ಬೆನ್ನೆಲುಬು.