‘ನಾಳೆ ಬರ್ತದೆ’ ಎನ್ನುವ ಮೊದಲು

ಪ್ರಶ್ನೆ: ಮೇಡಂ, ನನ್ನ ಊರು ಬಿ.ಸಿ. ರೋಡಿನ ಹತ್ತಿರ. ಮಂಗಳೂರಿನ ಹಂಪನಕಟ್ಟೆ ಬದಿಯ ಒಂದು ಫ್ಯಾನ್ಸಿ ಅಂಗಡಿಯ ಆಟಿಕೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನವರಾತ್ರಿ ಬಂತೆಂದರೆ ನಮ್ಮಲ್ಲಿ ಹುಲಿ ಮುಖವಾಡ, ಪ್ಲಾಸ್ಟಿಕ್ ಡೋಲು, ಪೀಪಿಗಳಿಗೆ ಭಾರೀ ಗಿರಾಕಿ. ಒಂದು ಸಂಜೆ ನಾಲ್ಕು ವರ್ಷದ ಹುಡುಗನೊಬ್ಬ ಅಜ್ಜಿಯ ಕೈ ಹಿಡಿದುಕೊಂಡು ಬಂದ. ರಸ್ತೆಯಲ್ಲಿ ಹುಲಿವೇಷ ನೋಡಿದ್ದನಂತೆ, ಕುಣಿಯುತ್ತಲೇ ಒಳಗೆ ಬಂದ. ಕೊನೆಯ ಮುಖವಾಡ ಆಗಷ್ಟೇ ಇನ್ನೊಂದು ಮಗುವಿನ ಕೈಗೆ ಹೋಗಿತ್ತು. ಹುಡುಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಅಂಗಡಿ ತುಂಬ ಜನ. ಒಮ್ಮೆ ಸುಮ್ಮನಾಗಲಿ ಎಂದು ‘ಅಳಬೇಡ ಮಗಾ, ನಾಳೆ ಬರ್ತದೆ, ನಿನಗೇ ತೆಗೆದಿಡ್ತೇನೆ’ ಅಂದೆ. ಬರುವುದುಂಟೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮರುದಿನ ಇಬ್ಬರೂ ಬಂದರು. ಮಾಲು ಬಂದಿರಲಿಲ್ಲ. ಈ ಸಲ ಅವನು ಅಳಲಿಲ್ಲ. ನನ್ನನ್ನೊಮ್ಮೆ ನೋಡಿ ಅಜ್ಜಿಯ ಸೀರೆಯ ಹಿಂದೆ ನಿಂತ. ಅಜ್ಜಿ ಜೋರು ಮಾಡಲಿಲ್ಲ. ‘ಇಲ್ಲದ್ದನ್ನು ಇಲ್ಲ ಅಂದಿದ್ರೆ ಆಗ್ತಿತ್ತಲ್ಲ ಮಗಾ’ ಎಂದಷ್ಟೇ ಹೇಳಿ ಹೋದರು. ನಮ್ಮ ಧಣಿ, ‘ವ್ಯಾಪಾರದಲ್ಲಿ ಎಲ್ಲರೂ ಹೇಳುವುದೇ ಅದು, ತಲೆ ಕೆಡಿಸ್ಕೊಳ್ಬೇಡ’ ಅಂದರು. ನನಗೆ ಮಾತ್ರ ಅದು ಮನಸ್ಸಿನಿಂದ ಹೋಗುತ್ತಿಲ್ಲ. ಮೊದಲೊಮ್ಮೆ ಅಳುವ ಮಗುವಿಗೆ ಚಾಕಲೇಟು ಕೊಟ್ಟು ಅದರ ತಾಯಿಯಿಂದ ಬೈಸಿಕೊಂಡಿದ್ದೆ. ಮಕ್ಕಳು ಅತ್ತಾಗ ನಮ್ಮಂಥವರು ಏನು ಹೇಳಬೇಕು, ಎಷ್ಟು ಹೇಳಬಹುದು?
– ಹೆಸರು ಬೇಡ, ಬಂಟ್ವಾಳ ತಾಲೂಕು

ಉತ್ತರ: ಮೊದಲಿಗೆ ನಿಮ್ಮ ಸಂಕಟದ ಬಗ್ಗೆ. ಮುಖವಾಡ ಸಿಗದೆ ಹೋದದ್ದರಿಂದ ಆ ಹುಡುಗನಿಗೆ ದೊಡ್ಡ ಕೇಡೇನೂ ಆಗಿಲ್ಲ. ಬಯಸಿದ್ದು ಸಿಗದಿರುವುದು ನಾಲ್ಕು ವರ್ಷದ ಬದುಕಿನಲ್ಲಿ ದಿನನಿತ್ಯದ ಸಂಗತಿ. ಮಕ್ಕಳು ಅದನ್ನು ಅತ್ತು ದಾಟುತ್ತಾರೆ. ದಾಟಲು ಬೇಕಾದ ದಾರಿಯೇ ಆ ಅಳು. ನೀವು ಅದನ್ನು ನಿಲ್ಲಿಸಲು ಹೋದಿರಿ, ಕೈಯಲ್ಲಿಲ್ಲದ ಒಂದು ಮಾತು ಕೊಟ್ಟು ನಿಲ್ಲಿಸಿದಿರಿ. ಅಜ್ಜಿ ಹೇಳಿದ್ದು ಸರಿ. ಧಣಿಗಳು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ನಾಲ್ಕು ವರ್ಷದ ಮಗುವಿಗೆ ‘ನಾಳೆ’ ಎಂದರೆ ಎಷ್ಟು ದೂರ ಎಂಬ ಅಳತೆ ಸರಿಯಾಗಿ ಸಿಕ್ಕಿರುವುದಿಲ್ಲ. ಆದರೆ ‘ನಿನಗೇ ತೆಗೆದಿಡ್ತೇನೆ’ ಎಂಬುದು ಚೆನ್ನಾಗಿ ನೆನಪಿರುತ್ತದೆ. ಮನೆಗೆ ಹೋಗಿ ಎಲ್ಲರಿಗೂ ಹೇಳಿರುತ್ತಾನೆ. ಬೆಳಿಗ್ಗೆ ಎದ್ದವನೇ ಕೇಳಿರುತ್ತಾನೆ. ಮೊದಲ ದಿನ ಅವನು ಕಳೆದುಕೊಂಡದ್ದು ಬರೀ ಮುಖವಾಡ. ಎರಡನೆಯ ದಿನ ಅದರ ಜೊತೆಗೆ ನಿಮ್ಮ ಮಾತೂ ಹೋಯಿತು.

ಇದನ್ನೇ ಪರೀಕ್ಷಿಸಿ ನೋಡಿದ ಒಂದು ಅಧ್ಯಯನ ಉಂಟು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಹೋದ್ಯೋಗಿಗಳು ನಡೆಸಿ 2013ರಲ್ಲಿ ಪ್ರಕಟಿಸಿದ್ದು. ಮೂರರಿಂದ ಐದು ವರ್ಷದ 28 ಮಕ್ಕಳಿಗೆ ಚಿತ್ರ ಬಿಡಿಸಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ‘ಸ್ವಲ್ಪ ಕಾಯಿ, ಇದಕ್ಕಿಂತ ಒಳ್ಳೆಯದನ್ನು ತರ್ತೇನೆ’ ಎಂದು ದೊಡ್ಡವರು ಹೊರಗೆ ಹೋದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಬಂದು, ‘ಕ್ಷಮಿಸು, ಒಳ್ಳೆಯದು ನಮ್ಮಲ್ಲಿ ಇಲ್ಲವೇ ಇಲ್ಲ’ ಎಂದರು. ಸ್ಟಿಕ್ಕರ್‌ಗಳ ವಿಷಯದಲ್ಲೂ ಹೀಗೇ ಮಾಡಿದರು. ಆಮೇಲೆ ಪ್ರತಿ ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು, ‘ನಾನು ಬರುವವರೆಗೆ ತಿನ್ನದಿದ್ದರೆ ಎರಡು ಸಿಗ್ತದೆ’ ಎಂದರು. ಮಾತು ಉಳಿಸಿಕೊಂಡವರನ್ನು ನೋಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ನೋಡಿದ್ದವರು ಕಾದದ್ದು ಸರಾಸರಿ 3 ನಿಮಿಷ.

ಬೇಗ ತಿಂದ ಮಕ್ಕಳು ಹಟಮಾರಿಗಳೂ ಅಲ್ಲ, ಹೊಟ್ಟೆಬಾಕರೂ ಅಲ್ಲ. ಎದುರಿಗಿರುವ ಮನುಷ್ಯನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಅವರು ಆಗಲೇ ಲೆಕ್ಕ ಹಾಕಿದ್ದರು. ‘ಸಣ್ಣ ಮಕ್ಕಳಿಗೆ ಎಂತ ಗೊತ್ತಾಗ್ತದೆ’ ಎಂದು ನಾವು ಹೇಳಿಕೊಳ್ಳುವುದು ನಮ್ಮ ಅನುಕೂಲಕ್ಕೆ. ನಿಮ್ಮ ಪಕ್ಕದ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು. ಮಕ್ಕಳಿಗೆ ನಿಜವಾದ ಉತ್ತರ ಸಲ್ಲಬೇಕು, ಅದು ಅವರಿಗೆ ಅರ್ಥವೂ ಆಗುತ್ತದೆ ಎಂಬ ನಂಬಿಕೆ ಇಲ್ಲದೆ ಯಾರೂ ಅಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ಅಂಗಡಿಯ ಮಾತು ಅದಕ್ಕಿಂತ ಬಹಳ ಸಣ್ಣದು, ನಿಜ. ಆದರೂ ಮುಖವಾಡ ಕೇಳಿದ ಹುಡುಗ ನಿಮ್ಮ ಗಿರಾಕಿ. ದೊಡ್ಡ ಗಿರಾಕಿಗೆ ‘ಸ್ಟಾಕ್ ಇಲ್ಲ ಸರ್’ ಎನ್ನುವವರು ಅವನಿಗೂ ಅಷ್ಟೇ ನಿಜ ಹೇಳಬೇಕು.

ಹಾಗಾದರೆ ಏನು ಹೇಳುವುದು? ಸಾಧ್ಯವಾದರೆ ಕೌಂಟರಿನ ಹಿಂದಿನಿಂದ ಈಚೆ ಬಂದು, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಕುಳಿತುಕೊಳ್ಳಿ. ಮೇಲಿನಿಂದ ಬರುವ ದೊಡ್ಡವರ ದನಿ, ಎಷ್ಟೇ ಮೆತ್ತಗಿದ್ದರೂ, ಅಳುವ ಮಗುವಿಗೆ ಗದರಿಕೆಯಾಗಿಯೇ ಕೇಳುತ್ತದೆ. ಮುಟ್ಟಬೇಡಿ, ಕೆನ್ನೆ ಹಿಂಡಬೇಡಿ. ‘ಹುಲಿ ಮುಖವಾಡ ಮುಗಿಯಿತು ಪುಟ್ಟ. ನಿನಗೆ ಅದೇ ಬೇಕಿತ್ತಲ್ವಾ? ಬೇಜಾರಾಯ್ತಲ್ಲ’ ಎನ್ನಿ. ಅಷ್ಟೇ ಸಾಕು. ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಸಮಾಧಾನ ಮಾಡುತ್ತಿದ್ದರೆ, ನಿಮಗೆ ಬರುವಷ್ಟು ಆ ಭಾಷೆಯಲ್ಲೇ ಹೇಳಿ. ದುಃಖದ ಹೊತ್ತಿನಲ್ಲಿ ಶಾಲೆಯ ಇಂಗ್ಲಿಷ್ ಆ ವಯಸ್ಸಿನವರ ಕಿವಿಗೆ ಬೀಳುವುದಿಲ್ಲ. ಆಮೇಲೆ ಒಂದು ನಿಮಿಷ ಏನೂ ಹೇಳದೆ ಇರಿ. ಈ ಒಂದು ನಿಮಿಷ ಇರುವುದೇ ಕಷ್ಟ. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿರುತ್ತಾರೆ, ಅಳು ಜೋರಾಗುತ್ತದೆ, ಏನಾದರೂ ಹೇಳಿಬಿಡೋಣ ಅನಿಸುತ್ತದೆ. ‘ನಾಳೆ ಬರ್ತದೆ’ ಎಂಬ ಮಾತು ನಮ್ಮ ಬಾಯಿಂದ ಜಾರುವುದು ಆಗಲೇ.

ಸುಳ್ಳಾಡದೆ ಆಸೆಯನ್ನು ಗೌರವಿಸುವ ಒಂದು ದಾರಿಯನ್ನು ಮನಃಶಾಸ್ತ್ರಜ್ಞ ಹೈಮ್ ಗಿನಾಟ್ 1965ರಷ್ಟು ಹಿಂದೆಯೇ ಪೋಷಕರಿಗೆ ಹೇಳಿಕೊಟ್ಟಿದ್ದರು: ಕೈಯಲ್ಲಿ ಕೊಡಲಾಗದ್ದನ್ನು ಕಲ್ಪನೆಯಲ್ಲಿ ಕೊಡುವುದು. ‘ಈ ಕಪಾಟು ತುಂಬ ಹುಲಿ ಮುಖವಾಡವೇ ಇದ್ದಿದ್ರೆ! ನೀನು ಯಾವ ಬಣ್ಣದ್ದು ತೆಗೀತಿದ್ದಿ?’ ಎಂದು ಕೇಳಿ ನೋಡಿ. ಅನೇಕ ಮಕ್ಕಳು ಅಳುತ್ತಲೇ ಉತ್ತರ ಕೊಡುತ್ತಾರೆ. ಎಲ್ಲರಲ್ಲೂ ಇದು ನಡೆಯುವುದಿಲ್ಲ. ಹೊಟ್ಟೆ ಹಸಿದ, ನಿದ್ದೆಗೆಟ್ಟ ಮಗುವಿಗೆ ಯಾವ ಮಾತೂ ನಾಟದು, ಅದನ್ನು ಎತ್ತಿಕೊಂಡು ಹೊರಗೆ ಹೋಗುವುದು ಮನೆಯವರ ಕೆಲಸ. ನೀವು ದಾರಿ ಬಿಡಿಸಿ ಕೊಟ್ಟರೆ, ಬ್ಯಾಗನ್ನು ಬಾಗಿಲ ತನಕ ತಂದುಕೊಟ್ಟರೆ ಅದೇ ದೊಡ್ಡ ಉಪಕಾರ.

ಇನ್ನು ಬೆದರಿಕೆ. ನಿಮ್ಮ ಪತ್ರದಲ್ಲಿ ಇದಿಲ್ಲ, ಆದರೆ ನಗರದ ಯಾವ ಅಂಗಡಿಗೆ ಹೋದರೂ ಕೇಳುತ್ತೇನೆ. ಬಹುಪಾಲು ಇದನ್ನು ಶುರು ಮಾಡುವವರು ತಂದೆ ತಾಯಿಯೇ: ‘ಸುಮ್ಮನಿರು, ಅಂಕಲ್ ಬೈತಾರೆ ನೋಡು’, ‘ಅತ್ತರೆ ಆಂಟಿ ಹತ್ರ ಬಿಟ್ಟು ಹೋಗ್ತೇನೆ’. ಕೌಂಟರಿನಲ್ಲಿರುವವರು ಅದಕ್ಕೆ ಸರಿಯಾಗಿ ಕಣ್ಣು ದೊಡ್ಡದು ಮಾಡುತ್ತಾರೆ. ದಯವಿಟ್ಟು ಆ ಪಾತ್ರವನ್ನು ಒಪ್ಪಿಕೊಳ್ಳಬೇಡಿ. ದಸರಾದ ಜನಜಂಗುಳಿಯಲ್ಲೋ ಮಾಲ್‌ನಲ್ಲೋ ಮಗು ಕೈತಪ್ಪಿತೆಂದುಕೊಳ್ಳಿ. ಅದು ಓಡಿ ಹೋಗಿ ಸಹಾಯ ಕೇಳಬೇಕಾದದ್ದು ಅಂಗಡಿಯವರನ್ನೇ, ಪೊಲೀಸರನ್ನೇ. ಅವರನ್ನೇ ಗುಮ್ಮನನ್ನಾಗಿ ಮಾಡಿಟ್ಟರೆ ಮಗು ಯಾರ ಬಳಿಗೆ ಹೋಗಬೇಕು? ತಾಯಿ ಹಾಗೆ ಅಂದಾಗ, ಅವರಿಗೆ ನೋವಾಗದಂತೆ ಮಗುವಿನ ಕಡೆ ತಿರುಗಿ ‘ಇಲ್ಲ ಪುಟ್ಟ, ನಾನು ಬೈಯುವುದಿಲ್ಲ’ ಅನ್ನಿ. ತಾಯಿಗೆ ಒಂದು ಕ್ಷಣ ಇರುಸುಮುರುಸು ಆದೀತು, ಆಗಲಿ.

ಅಳುವ ಮಗುವಿನ ಎದುರು ನಗುವುದು, ‘ಗಂಡು ಹುಡುಗ ಅಳ್ತಾನಾ’ ಎನ್ನುವುದು, ‘ನೋಡು, ಆ ಮಗು ಎಷ್ಟು ಜಾಣ’ ಎಂದು ಹೋಲಿಸುವುದು ಬೇಡ. ಮೊಬೈಲಿನಲ್ಲಿ ಅಳು ಚಿತ್ರೀಕರಿಸಿ ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ.

ಚಾಕಲೇಟಿನ ವಿಷಯದಲ್ಲಿ ಆ ತಾಯಿ ಬೈದ ರೀತಿ ಒರಟಾಗಿರಬಹುದು, ಕಾರಣ ಮಾತ್ರ ಇತ್ತು. ಮಗುವಿಗೆ ಯಾವುದು ಆಗಿಬರುವುದಿಲ್ಲ, ಮನೆಯಲ್ಲಿ ಯಾವುದನ್ನು ತಿನ್ನಿಸುವುದಿಲ್ಲ ಎಂಬುದು ನಿಮಗೆ ತಿಳಿದಿರುವುದಿಲ್ಲ. ಮಗುವಿನ ಮುಂದೆಯೇ ‘ಕೊಡಲಾ?’ ಎಂದು ಕೇಳಿದರೂ ತಾಯಿ ಸಿಕ್ಕಿಬೀಳುತ್ತಾರೆ. ಬೇಡ ಎಂದರೆ ಇನ್ನೊಂದು ಅಳು. ಮೆಲ್ಲಗೆ, ಮಗುವಿಗೆ ಕೇಳದಂತೆ ದೊಡ್ಡವರನ್ನು ಕೇಳಿ, ಅವರು ಹೂಂ ಎಂದ ಮೇಲೆ ಕೊಡಿ. ಕೊಡುವಾಗಲೂ ಅದು ಮುಖವಾಡದ ಬದಲಿಗೆ ಎಂಬಂತೆ ಕೊಡಬೇಡಿ. ಚಿಲ್ಲರೆ ಇಲ್ಲದಾಗ ಗಿರಾಕಿಯ ಕೈಗೆ ಚಾಕಲೇಟು ಹಾಕುವ ಅಭ್ಯಾಸ ನಮ್ಮ ಅಂಗಡಿಗಳಿಗಿದೆ. ದುಃಖಕ್ಕೂ ಅದೇ ಲೆಕ್ಕ ಹಿಡಿಯಬಾರದು.

ಐಸ್‌ಕ್ರೀಮ್ ಪಾರ್ಲರುಗಳಲ್ಲಿ ಕೆಲಸ ಮಾಡುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಪ್ರಭಾಕರ ಕಾಮತರು 1975ರಲ್ಲಿ ಐಡಿಯಲ್ ಪಾರ್ಲರ್ ಆರಂಭಿಸಿದಲ್ಲಿಂದ ಈಚೆಗೆ ಐಸ್‌ಕ್ರೀಮ್ ಎಂಬುದು ಮಂಗಳೂರಿನ ಮಕ್ಕಳಿಗೆ ಪರೀಕ್ಷೆ ಮುಗಿದದ್ದಕ್ಕೆ, ಹುಟ್ಟುಹಬ್ಬಕ್ಕೆ, ಊರಿನಿಂದ ಮಾವ ಬಂದದ್ದಕ್ಕೆ ಸಿಗುವ ಹಬ್ಬ. ಗಡ್‌ಬಡ್ ಐಸ್‌ಕ್ರೀಮ್ ತಿನ್ನಬೇಕೆಂದು ವಾರದಿಂದ ಕಾದು ಬಂದ ಮಗುವಿಗೆ ಹೊಸ್ತಿಲಲ್ಲೇ ‘ಖಾಲಿ’ ಎಂದು ಕೈ ಆಡಿಸಿದರೆ ಹೇಗಾದೀತು? ಕೋನಿನಿಂದ ಐಸ್‌ಕ್ರೀಮ್ ನೆಲಕ್ಕೆ ಬಿದ್ದಾಗ ಮೊದಲು ಒರೆಸುವ ಬಟ್ಟೆ ತರಬೇಡಿ, ಮೊದಲು ಮಗುವನ್ನು ನೋಡಿ. ಬದಲಿ ಕೊಡಲು ಮಾಲೀಕರ ಅನುಮತಿ ಇದ್ದರೆ ಮನೆಯವರನ್ನು ಕೇಳಿ ಕೊಡಿ. ಇಲ್ಲದಿದ್ದರೂ ‘ಬಿದ್ದು ಹೋಯ್ತಲ್ಲ’ ಎಂಬ ಒಂದು ಮಾತಿಗೆ ಯಾರ ಅನುಮತಿಯೂ ಬೇಕಿಲ್ಲ.

ಎರಡನೆಯ ದಿನ ಹುಡುಗ ಅಳಲಿಲ್ಲ ಎಂದು ಬರೆದಿದ್ದೀರಿ. ಅದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ಹಿಡಿಸದ ಉಡುಗೊರೆ ಸಿಕ್ಕಾಗ ಮಕ್ಕಳು ಹೇಗೆ ವರ್ತಿಸುತ್ತಾರೆ ಎಂದು 1980ರ ದಶಕದಲ್ಲಿ ಕ್ಯಾರೊಲಿನ್ ಸಾರ್ನಿ, ಪಮೇಲಾ ಕೋಲ್ ಮೊದಲಾದವರು ಪರೀಕ್ಷಿಸಿದ್ದರು. ಕೋಲ್ ಅವರ ಅಧ್ಯಯನದಲ್ಲಿ ಮೂರು ನಾಲ್ಕು ವರ್ಷದ ಹುಡುಗಿಯರೂ ಕೊಟ್ಟವರ ಎದುರು ನಗು ತಂದುಕೊಂಡರು. ಒಬ್ಬರೇ ಇದ್ದಾಗ ಮುಖ ಬಾಡಿತು. ಹಾಗಾಗಿ ಅತ್ತು ಹೊರಳುವ ಮಗುವಿಗೆ ಮಾತ್ರ ಬೇಸರ ಎಂದುಕೊಳ್ಳಬೇಡಿ. ದುಡ್ಡು ಸಾಲದೆ ಆಟಿಕೆಯನ್ನು ತಾನೇ ಕಪಾಟಿಗೆ ಹಿಂದಿಡುವ ಮಗು ಇರುತ್ತದಲ್ಲ, ಅದರ ಎದುರು ಬೆಲೆಯನ್ನು ಗಟ್ಟಿಯಾಗಿ ಕೂಗಬೇಡಿ. ಎಷ್ಟು ಕಡಿಮೆ ಬಿತ್ತು ಎಂಬುದನ್ನು ಜೊತೆಗಿರುವ ದೊಡ್ಡವರಿಗೆ ತಗ್ಗಿದ ದನಿಯಲ್ಲಿ ಹೇಳಿ. ಒಪ್ಪವಾಗಿ ಹಿಂದಿಟ್ಟದ್ದಕ್ಕೆ ‘ಥ್ಯಾಂಕ್ಸ್’ ಹೇಳಿ.

ಈಗ ನಿಮ್ಮ ಧಣಿಗಳಿಗೆ ಎರಡು ಮಾತು. ಆಟಿಕೆಗಳನ್ನು ಮಗುವಿನ ಕೈಗೆಟುಕುವಲ್ಲಿ, ಬಿಲ್ ಮಾಡುವ ಜಾಗದಲ್ಲೇ ಜೋಡಿಸಿ, ‘ಮಗುವಿನ ಕೈಗೆ ಕೊಡು, ಆಮೇಲೆ ಅವರೇ ತಗೊಳ್ತಾರೆ’ ಎಂದು ಕೆಲಸದವರಿಗೆ ಹೇಳಿಕೊಡುವ ಅಂಗಡಿಗಳಿವೆ. ಅಲ್ಲಿ ಕೇಳಿಬರುವ ಅಳುವಿನಲ್ಲಿ ಅಂಗಡಿಯ ಪಾಲೂ ಉಂಟು. ಆ ವಸ್ತು ಕೊಳ್ಳಿ, ಕೊಡಿಸುವಂತೆ ಅಪ್ಪ ಅಮ್ಮನನ್ನು ಒಪ್ಪಿಸಿ ಎಂದು ಮಕ್ಕಳಿಗೆ ನೇರವಾಗಿ ಹೇಳುವ ಜಾಹೀರಾತು ಸಲ್ಲದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜಾಹೀರಾತಿಗೆ ಸಲ್ಲದ್ದು ಕೌಂಟರಿನಲ್ಲೂ ಸಲ್ಲಬಾರದು.

ಎರಡನೆಯದು, ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇದ್ದು ಕೊನೆಯ ಬಸ್ಸಿನ ಚಿಂತೆಯಲ್ಲಿರುವ ಹುಡುಗಿಯಿಂದ ತಾಳ್ಮೆ ಬಯಸುವವರು ಅವಳಿಗೊಂದು ಸ್ಟೂಲು ಹಾಕಿಕೊಡಬೇಕು. ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿದ ಮೇಲೆ 2018ರಲ್ಲಿ ಕಾನೂನು ತಿದ್ದುಪಡಿಯಾಗಿ ಕುಳಿತುಕೊಳ್ಳುವ ಹಕ್ಕು ಬಂತು; 2021ರಲ್ಲಿ ತಮಿಳುನಾಡೂ ಹಾಗೆ ಮಾಡಿತು. ಒರಟು ಮಾತು ಎಷ್ಟೋ ಸಲ ಕಾಲುನೋವಿನಿಂದ ಹುಟ್ಟುತ್ತದೆ. ಇದನ್ನು ನಿಮ್ಮ ಸಮರ್ಥನೆಗೆಂದು ಹೇಳುತ್ತಿಲ್ಲ, ನಿಜವೆಂದು ಹೇಳುತ್ತಿದ್ದೇನೆ.

ಅಜ್ಜಿ, ಮೊಮ್ಮಗ ಮತ್ತೆ ಅಂಗಡಿಗೆ ಬಂದರೆ ಅಡಗಿಕೊಳ್ಳಬೇಡಿ. ಅಜ್ಜಿಗೆ ಹೇಳುವ ಮೊದಲು ಅವನಿಗೇ ಹೇಳಿ: ‘ಅವತ್ತು ನಾಳೆ ಬರ್ತದೆ ಅಂದೆ, ನನಗೆ ಸರಿ ಗೊತ್ತಿರಲಿಲ್ಲ. ನನ್ನದು ತಪ್ಪಾಯ್ತು.’ ಅವನು ಮುಖ ತಿರುಗಿಸಿದರೆ ಒತ್ತಾಯ ಮಾಡಬೇಡಿ, ನಗಿಸಲು ಹೋಗಬೇಡಿ. ಆಮೇಲೆ ಕೌಂಟರಿನಲ್ಲಿ ಒಂದು ನೋಟ್‌ಪುಸ್ತಕ ಇಡಲು ಧಣಿಗಳ ಒಪ್ಪಿಗೆ ಕೇಳಿ. ಮುಗಿದ ಮಾಲನ್ನು ಮಗು ಕೇಳಿದಾಗ, ಮನೆಯವರು ಒಪ್ಪಿದರೆ ಅವರ ಫೋನ್ ನಂಬರನ್ನೂ ಮಗುವಿಗೆ ಬೇಕಾದದ್ದನ್ನೂ ಅದರಲ್ಲಿ ಬರೆದುಕೊಳ್ಳಿ. ‘ಯಾವಾಗ ಬರ್ತದೆ ಗೊತ್ತಿಲ್ಲ, ಬಂದ ದಿನ ಫೋನ್ ಮಾಡ್ತೇವೆ’ ಅನ್ನಿ. ಹಬ್ಬ ಮುಗಿದ ಮೇಲೆ ಮಾಲು ಬಂದರೂ ಫೋನ್ ಮಾಡಿ. ಬರದೇ ಹೋದರೆ, ಬರಲಿಲ್ಲ ಎಂದು ತಿಳಿಸಲಿಕ್ಕಾದರೂ ಮಾಡಿ. ಧಣಿಗಳೊಡನೆ ಈ ವಿಷಯ ಎತ್ತಲು ಅಂಜಿಕೆಯಾದರೆ ಈ ಪುಟವನ್ನೇ ತೋರಿಸಬಹುದು.